ಸೀಲು ಬೀಳದ ಟಿಕೆಟ್ಟು

ಪಾದುವಾದಿಂದ ವೆನಿಸ್ಸಿಗೆ ರೈಲಿನಲ್ಲಿ ಅರ್ಧ ಮುಕ್ಕಾಲು ಗಂಟೆ ದಾರಿ. ನಮ್ಮ ಸಾಗರದಿಂದ ಶಿವಮೊಗ್ಗಕ್ಕೆ ಹೋಗುವಷ್ಟು ಹೊತ್ತೂ ಬೇಡ. 2023ರ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ನಾನು ಮತ್ತು ನಮ್ಮ ಯಜಮಾನರು ಆ ಗಾಡಿ ಹತ್ತಿ, ಕಿಟಕಿ ಪಕ್ಕ ಎದುರುಬದುರು ಕೂತೆವು. ಟಿಕೆಟ್ಟನ್ನು ನಿಲ್ದಾಣದ ಮೆಷಿನ್ನಿನಲ್ಲಿ ನಾವೇ ದುಡ್ಡು ಹಾಕಿ ತೆಗೆದಿದ್ದೆವು. ಮಗಳ ಸಹಾಯವಿಲ್ಲದೆ ಅಷ್ಟು ಮಾಡಿದ್ದೇ ಇವರಿಗೆ ದೊಡ್ಡ ಸಮಾಧಾನವಾಗಿತ್ತು. ಮೆಸ್ತ್ರೆ ಸ್ಟೇಷನ್ ಇನ್ನೂ ಬಂದಿರಲಿಲ್ಲ, ಟಿ.ಸಿ. ಬಂದರು.

ಅವರು ಟಿಕೆಟ್ಟನ್ನು ಮುಂದೆ ನೋಡಿದರು, ತಿರುಗಿಸಿ ಹಿಂದೆ ನೋಡಿದರು, ಕಿಟಕಿಯ ಬೆಳಕಿಗೆ ಹಿಡಿದು ಅಂಚು ನೋಡಿದರು. ಆಮೇಲೆ ಇಟಾಲಿಯನ್ನಿನಲ್ಲಿ ಏನೋ ಕೇಳಿದರು. ನಾವು ಸುಮ್ಮನಿದ್ದದ್ದನ್ನು ಕಂಡು ಬಲಗೈ ಮುಷ್ಟಿ ಕಟ್ಟಿ, ಎಡಗೈಯ ಅಂಗೈ ಮೇಲೆ ಒಂದು ಸಲ ಕುಟ್ಟಿ ತೋರಿಸಿದರು. ಆ ಸನ್ನೆ ನನಗೆ ತಕ್ಷಣ ಗೊತ್ತಾಯಿತು. ಮೂವತ್ನಾಲ್ಕು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ನಾನು ಮಾಡಿದ ಕೆಲಸವೇ ಅದು. ನಮ್ಮ ಟಿಕೆಟ್ಟಿಗೆ ಸೀಲು ಬಿದ್ದಿರಲಿಲ್ಲ.

ಇಟಲಿಯ ಪ್ಯಾಸೆಂಜರ್ ಗಾಡಿಗಳಿಗೆ ಕಾಗದದ ಟಿಕೆಟ್ ಕೊಂಡರೆ ಸಾಲದು. ಹತ್ತುವ ಮೊದಲು ಪ್ಲಾಟ್‌ಫಾರಂ ಬಾಯಲ್ಲಿರುವ ಪುಟ್ಟ ಯಂತ್ರದೊಳಗೆ ಅದನ್ನು ತೂರಿಸಬೇಕು. ಯಂತ್ರ ಅದರ ಮೇಲೆ ತಾರೀಖು, ಗಂಟೆ ಒತ್ತುತ್ತದೆ. ಅಲ್ಲಿಂದಾಚೆಗೆ ಇಂತಿಷ್ಟು ಗಂಟೆ ಮಾತ್ರ ಆ ಟಿಕೆಟ್ಟಿನ ಆಯಸ್ಸು. ಸೀಲಿಲ್ಲದ ಟಿಕೆಟ್ಟನ್ನು ಹಾಗೇ ಜೇಬಿನಲ್ಲಿಟ್ಟುಕೊಂಡು ಅದರಲ್ಲೇ ಇನ್ನೊಂದು ಸಲ ಓಡಾಡಬಹುದು, ಆದ್ದರಿಂದ ಸೀಲಿಲ್ಲದವರಿಗೆ ದಂಡ. ನಿಯಮದಲ್ಲಿ ತಪ್ಪೇನೂ ಇಲ್ಲ. ಮಗಳು ನಮಗೆ ಹೇಳಿರಲಿಲ್ಲ, ಯಾಕೆಂದರೆ ಅವಳು ಟಿಕೆಟ್ ತೆಗೆಯುವುದು ಫೋನಿನಲ್ಲಿ. ಕಾಗದದ ಟಿಕೆಟ್ ಮುಟ್ಟಿ ಅವಳಿಗೆ ವರ್ಷದ ಮೇಲಾಗಿತ್ತು. ಗೊತ್ತಿರುವವರಿಗೆ, ಇದನ್ನು ಹೇಳಬೇಕು ಎಂದು ತೋಚುವುದೇ ಇಲ್ಲ. ಈ ಮಾತಿಗೆ ಮುಂದೆ ಬರುತ್ತೇನೆ.

ತಲೆಗೆ ಐವತ್ತು ಯೂರೋ. ಇಬ್ಬರಿಗೂ ಸೇರಿ ನೂರು, ಆಗಿನ ಲೆಕ್ಕಕ್ಕೆ ಒಂಬತ್ತು ಸಾವಿರ ರೂಪಾಯಿಯ ಹತ್ತಿರ. ಟಿಕೆಟ್ಟಿನ ಬೆಲೆ ಐದು ಯೂರೋ ಒಳಗೇ ಇತ್ತು. “ನಾವು ಕದ್ದು ಹತ್ತಿದೋರಲ್ಲ ಅಂತ ಹೇಳು ಅವ್ರಿಗೆ,” ಅಂತ ಇವರು ಎರಡು ಸಲ ಅಂದರು. ಯಾವ ಭಾಷೆಯಲ್ಲಿ ಹೇಳಲಿ? ಟಿ.ಸಿ. ಟಿಕೆಟ್ಟಿನ ಹಿಂಭಾಗದ ಸಣ್ಣಕ್ಷರದ ಸಾಲಿಗೆ ಬೆರಳಿಟ್ಟು ತೋರಿಸಿದರು. ಅಲ್ಲಿ ಬರೆದಿದೆ, ಓದಿಕೊಳ್ಳಬೇಕಿತ್ತು ಎಂದು ಅದರರ್ಥ. ಪಕ್ಕದ ಸೀಟಿನ ಹುಡುಗಿ ಕಿವಿಯಿಂದ ಇಯರ್‌ಫೋನ್ ತೆಗೆದು ನಮ್ಮನ್ನು ನೋಡಿ, ಮತ್ತೆ ಹಾಕಿಕೊಂಡಳು. ನೂರು ಯೂರೋ ಹೋದದ್ದು ವಾರದಲ್ಲಿ ಮರೆತುಹೋಯಿತು. ಆ ಹುಡುಗಿಯ ನೋಟ ಮಾತ್ರ ಇನ್ನೂ ಇದೆ.

ಆ ಪ್ರವಾಸ ಶುರುವಾದದ್ದೂ ಇಂಥದೇ ಒಂದು ಎಡವಟ್ಟಿನಿಂದ. ಮಗಳು ಪಾದುವಾದ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು. 1222ರಲ್ಲಿ ಶುರುವಾದ ಹಳೆಯ ವಿದ್ಯಾಲಯ ಅದು. ಗೆಲಿಲಿಯೋ ಅಲ್ಲಿ ಹದಿನೆಂಟು ವರ್ಷ ಪಾಠ ಮಾಡಿದ್ದ. ನಾನು ನಿವೃತ್ತಳಾದ ಮೇಲೆ ಒಂದು ಸಲ ಬಂದು ನೋಡಿ ಹೋಗಿ ಎಂದು ಅವಳ ಹಟ. ವೀಸಾಕ್ಕಾಗಿ ಬೆಂಗಳೂರಿಗೆ ಎರಡು ಸಲ ಓಡಾಡಿದೆವು, ಫೈಲು ಹೊಂದಿಸಿದೆವು, ಮೂವತ್ತು ಸಾವಿರ ಯೂರೋ ಖರ್ಚು ಭರಿಸುವ ವಿಮೆ ಮಾಡಿಸಿದೆವು. ಇಷ್ಟೆಲ್ಲ ಜಾಗ್ರತೆ ಮಾಡಿದವರು ಇವರ ಶುಗರ್ ಮಾತ್ರೆ, ಬಿ.ಪಿ. ಮಾತ್ರೆ, ಡಾಕ್ಟರ ಚೀಟಿ, ವಿಮೆಯ ಕಾಗದ ಎಲ್ಲವನ್ನೂ ಒಂದೇ ಸೂಟ್‌ಕೇಸಿನಲ್ಲಿಟ್ಟು ವಿಮಾನಕ್ಕೆ ಹಾಕಿದ್ದೆವು. ಕೈಚೀಲ ಭಾರವಾಗಬಾರದು ಎಂದು.

ವೆನಿಸ್‌ನ ವಿಮಾನ ನಿಲ್ದಾಣದಲ್ಲಿ ಲಗೇಜು ಬೆಲ್ಟಿನ ಮುಂದೆ ನಿಂತೆವು. ಒಂದೊಂದೇ ಪೆಟ್ಟಿಗೆ ಬಂದು, ಒಬ್ಬೊಬ್ಬರೇ ಹೊರಟು, ಕೊನೆಗೆ ಬೆಲ್ಟು ನಿಂತಿತು. ಬೆಲ್ಟು ನಿಂತ ಮೇಲಿನ ಆ ಸದ್ದಡಗಿದ ಗಳಿಗೆ ಅನುಭವಿಸಿದವರಿಗೆ ಮಾತ್ರ ಗೊತ್ತು. ನಮ್ಮ ಕಪ್ಪು ಸೂಟ್‌ಕೇಸು ನಡುವೆ ವಿಮಾನ ಬದಲಿಸಿದ ಊರಿನಲ್ಲೇ ಉಳಿದಿತ್ತು. ಕೌಂಟರಿನವರು ಚಿತ್ರಗಳಿರುವ ಹಾಳೆ ಮುಂದಿಟ್ಟು ನಿಮ್ಮದು ಯಾವ ಆಕಾರ, ಯಾವ ಬಣ್ಣ ಎಂದು ಕೇಳಿ ಫಾರಂ ತುಂಬಿಸಿ ನಂಬರು ಕೊಟ್ಟರು. ಆ ನಂಬರಿನ ಕಾಗದ ಇಲ್ಲದೆ ಮುಂದೆ ಯಾವ ಪರಿಹಾರವೂ ಕೇಳುವಂತಿಲ್ಲ. ಭಾರತವೂ 2009ರಲ್ಲಿ ಸೇರಿಕೊಂಡಿರುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಇಪ್ಪತ್ತೊಂದು ದಿನವಾದರೂ ಬಾರದ ಲಗೇಜನ್ನು ಕಳೆದುಹೋದದ್ದೆಂದು ಹೇಳಿ ಪರಿಹಾರ ಕೇಳಬಹುದು. ನಮ್ಮದು ಮೂರನೇ ದಿನಕ್ಕೆ ಮಗಳ ಮನೆ ಬಾಗಿಲಿಗೇ ಬಂತು.

ಆದರೆ ಮಾತ್ರೆ ಮೂರು ದಿನ ಕಾಯುವುದಿಲ್ಲ. ಸಂಜೆ ಆರು ಗಂಟೆಗೆ ಮಗಳು ಹಸಿರು ಶಿಲುಬೆಯ ದೀಪ ಉರಿಯುತ್ತಿದ್ದ ಔಷಧಿ ಅಂಗಡಿಗೆ ಕರೆದುಕೊಂಡು ಹೋದಳು. ಇವರ ಫೋನಿನಲ್ಲಿ ಹಳೆಯ ಚೀಟಿಯ ಒಂದು ಫೋಟೋ ಸಿಕ್ಕಿತು. ಅದರಲ್ಲಿದ್ದದ್ದು ನಮ್ಮ ದೇಶದ ಕಂಪನಿಗಳು ಇಟ್ಟ ಹೆಸರುಗಳು, ಅಲ್ಲಿಯವರಿಗೆ ಅದು ಅರ್ಥವಾಗುವ ಮಾತೇ ಅಲ್ಲ. ಊರಲ್ಲಿ ಆಗ ರಾತ್ರಿ ಒಂಬತ್ತೂವರೆ. ನಮ್ಮ ಡಾಕ್ಟರಿಗೆ ಫೋನು ಮಾಡಿದೆವು. ಪುಣ್ಯಕ್ಕೆ ಎತ್ತಿದರು. “ಮೆಟ್‌ಫಾರ್ಮಿನ್, ಆಮ್ಲೋಡಿಪಿನ್ ಅನ್ನಿ, ಸಾಕು,” ಅಂದರು. ಆ ಎರಡು ಹೆಸರು ಕೇಳಿದ್ದೇ ಅಂಗಡಿಯ ಹೆಂಗಸಿನ ಮುಖ ಬಿಡಿಸಿಕೊಂಡಿತು. ದಿನಾ ಔಷಧಿ ತೆಗೆದುಕೊಳ್ಳುವ ರೋಗಿ ತುರ್ತಿನಲ್ಲಿ ಬಂದರೆ, ಚೀಟಿ ಇಲ್ಲದಿದ್ದರೂ ಕೊಡಲು ಅಲ್ಲಿನ ಕಾನೂನಿನಲ್ಲೇ ದಾರಿ ಇದೆ. ಹಳೆಯ ಚೀಟಿ ನೋಡಿ, ಸಹಿ ಹಾಕಿಸಿಕೊಂಡು, ಒಂದೊಂದು ಡಬ್ಬಿ ಕೊಟ್ಟರು. ಡಬ್ಬಿಯ ಮೇಲೆ ಎಷ್ಟು ಹೊತ್ತಿಗೆ ಎಂದು ಪೆನ್ನಿನಲ್ಲಿ ಸೂರ್ಯನನ್ನೂ ಚಂದ್ರನನ್ನೂ ಬರೆದುಕೊಟ್ಟರು. ಅಕ್ಷರ ಬಾರದವರಿಗೆ ನಮ್ಮೂರಿನ ಕಾಂಪೌಂಡರು ಮಾಡುತ್ತಿದ್ದದ್ದೂ ಹೀಗೆಯೇ. ನಾನು ಎಂ.ಕಾಂ. ಮಾಡಿದವಳು. ಆ ಸಂಜೆ ಆ ಚಿತ್ರ ನನಗೂ ಬೇಕಾಗಿತ್ತು.

ಸಣ್ಣಪುಟ್ಟವು ಇನ್ನೂ ಎಷ್ಟೋ. ಅಲ್ಲಿನ ನಲ್ಲಿಯ ಮೇಲೆ ‘ಸಿ’ ಅಂತ ಇದ್ದರೆ ಬಿಸಿನೀರು, ಕಾಲ್ದೋ ಎಂಬ ಮಾತಿನ ಮೊದಲ ಅಕ್ಷರ. ಇಂಗ್ಲಿಷಿನ ಲೆಕ್ಕದಲ್ಲಿ ತಣ್ಣೀರೆಂದು ತಿರುಗಿಸಿ ಇವರು ಕೈ ಸುಟ್ಟುಕೊಂಡರು. ಹೋಟೆಲುಗಳ ಅಡುಗೆಮನೆ ಮಧ್ಯಾಹ್ನ ಎರಡೂವರೆ, ಮೂರಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ ಏಳಕ್ಕೆ. ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕಾದ ಶುಗರಿನವರಿಗೆ ಅದು ದೊಡ್ಡ ತೊಂದರೆ. ಸ್ಯಾನ್ ಮಾರ್ಕೊ ಚೌಕದ ಮೆಟ್ಟಿಲ ಮೇಲೆ ಕೂತು ಚಪಾತಿ, ಶೇಂಗಾ ಚಟ್ನಿಪುಡಿ ಬಿಚ್ಚಿದಾಗ, ಇಲ್ಲಿ ಕೂತು ತಿನ್ನುವಂತಿಲ್ಲ ಎಂದು ಎಬ್ಬಿಸಿದರು. ವೆನಿಸ್‌ನಲ್ಲಿ ಅದಕ್ಕೂ ದಂಡವಿದೆ.

ಪಾದುವಾದಲ್ಲೇ ಆದ ಒಂದು ನಷ್ಟ ಮಾತ್ರ ಈಗಲೂ ಕೊರೆಯುತ್ತದೆ. ಅಲ್ಲಿ ಸ್ಕ್ರೊವೇನ್ಯಿ ಎಂಬ ಪುಟ್ಟ ಪ್ರಾರ್ಥನಾ ಮಂದಿರವಿದೆ. 1305ರ ಸುಮಾರಿಗೆ ಜೊತ್ತೊ ಎಂಬ ಚಿತ್ರಕಾರ ಅದರ ಗೋಡೆಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದ, ಮಾಡಿಗೆ ನೀಲಿ ಬಳಿದು ಚಿನ್ನದ ಚುಕ್ಕಿ ಇಟ್ಟ. ಅದನ್ನು ನೋಡಬೇಕೆಂಬುದು ನನ್ನ ಆಸೆ. ಮಗಳು ಎಷ್ಟೋ ದಿನ ಮೊದಲೇ ನಮ್ಮಿಬ್ಬರಿಗೂ ಸಮಯ ಕಾದಿರಿಸಿದ್ದಳು. ಆ ದಿನ ಅವಳಿಗೆ ಪರೀಕ್ಷೆ. ಊರಿನ ಟ್ರಾಂ ರಬ್ಬರ್ ಚಕ್ರದ್ದು, ನೆಲದಲ್ಲಿ ಒಂದೇ ಒಂದು ಹಳಿ, ಎರಡು ಕಡೆಯಿಂದ ನೋಡಿದರೂ ಒಂದೇ ಥರ. ನಾವು ಹತ್ತಿದ್ದು ತೆಂಕಕ್ಕೆ ಹೋಗುವುದನ್ನು, ಮಂದಿರ ಇದ್ದದ್ದು ಬಡಗಿಗೆ. ಇಳಿದು, ತಿರುಗಿ ಹತ್ತಿ, ಓಡಿ ಬರುವಾಗ ಹತ್ತು ನಿಮಿಷ ಮೀರಿತ್ತು. ಗಾಜಿನ ಬಾಗಿಲು ಮುಚ್ಚಿತ್ತು.

ನಾನು ಅತ್ತದ್ದು ಆ ಪ್ರವಾಸದಲ್ಲಿ ಅದೊಂದೇ ಸಲ. ಅಲ್ಲಿದ್ದ ಹುಡುಗಿ ನಮ್ಮನ್ನು ಒಳಗೆ ಬಿಡಲಿಲ್ಲ. ಆದರೆ ಹೊರಗೆ ಬಂದು, ನಿಧಾನವಾದ ಇಂಗ್ಲಿಷಿನಲ್ಲಿ, ಯಾಕೆ ಬಿಡಲಾಗುವುದಿಲ್ಲ ಎಂದು ಹೇಳಿದಳು. ಒಂದು ಸಲಕ್ಕೆ ಹೆಚ್ಚೆಂದರೆ ಇಪ್ಪತ್ತೈದು ಜನ. ಮೊದಲ ಹದಿನೈದು ನಿಮಿಷ ಅವರನ್ನು ಒಂದು ಕೋಣೆಯಲ್ಲಿ ಕೂರಿಸಿ, ಅವರ ಜೊತೆ ಬಂದ ಹೊರಗಿನ ತೇವ, ಧೂಳು ಎಲ್ಲ ಇಳಿಸುತ್ತಾರೆ. ಆಮೇಲೆ ಹದಿನೈದು ನಿಮಿಷ ಒಳಗೆ. ನಡುವೆ ಬಾಗಿಲು ತೆರೆದರೆ ಗಾಳಿ ಕೆಡುತ್ತದೆ, ಏಳುನೂರು ವರ್ಷದ ಬಣ್ಣಕ್ಕೆ ನಮ್ಮ ಉಸಿರಿನ ನೀರೂ ಆಗದು. ಇಷ್ಟನ್ನೂ ನಮ್ಮ ಮುಖ ನೋಡಿಕೊಂಡು ಹೇಳಿದಳು. ನಾವು ಪಕ್ಕದ ತೋಟದಲ್ಲಿ, ರೋಮನ್ನರ ಕಾಲದ ಮುರುಕು ಗೋಡೆಯ ಹತ್ತಿರ, ತುಂಬ ಹೊತ್ತು ಕೂತಿದ್ದು ಮನೆಗೆ ಬಂದೆವು. ಮಂದಿರ ನೋಡಲಾಗಲಿಲ್ಲ. ಆದರೂ ಅವಳ ಮೇಲೆ ಸಿಟ್ಟು ಬರಲಿಲ್ಲ, ಅವಮಾನವೂ ಆಗಲಿಲ್ಲ. ಕಾರಣ ತಿಳಿಸಿ ‘ಇಲ್ಲ’ ಅನ್ನುವುದಕ್ಕೂ ಸಣ್ಣಕ್ಷರಕ್ಕೆ ಬೆರಳು ತೋರಿಸುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದು ಎರಡು ದಿನದ ನಂತರ ಆ ರೈಲಿನಲ್ಲಿ ನನಗೆ ಗೊತ್ತಾಯಿತು.

ದಂಡ ಕಟ್ಟಿದ ದಿನಕ್ಕೆ ಮರಳುತ್ತೇನೆ. ವೆನಿಸ್‌ನಲ್ಲಿ ಒಂದು ರಾತ್ರಿ ಇರಲೆಂದು ಮಗಳು ಕೋಣೆ ಗೊತ್ತು ಮಾಡಿದ್ದಳು. ಕನ್ನರೇಜೊ ಎಂಬ ಭಾಗದಲ್ಲಿ, ನಾಲ್ಕು ಸಾವಿರ ಚಿಲ್ಲರೆಯ ಒಂದು ನಂಬರು. ಸ್ಟೇಷನ್ನಿನಿಂದ ನಡೆದೇ ಹೋಗಬಹುದು ಅಂದಿದ್ದಳು. ವೆನಿಸ್‌ನಲ್ಲಿ ಮನೆ ನಂಬರು ಬೀದಿಗಿಲ್ಲ ಎಂಬುದು ನಮಗೆ ಗೊತ್ತಿರಲಿಲ್ಲ. ಊರನ್ನು ಆರು ಭಾಗ ಮಾಡಿ, ಒಂದೊಂದು ಭಾಗಕ್ಕೆ ಒಂದರಿಂದ ಶುರುಮಾಡಿ ಸಾವಿರಗಟ್ಟಲೆ ನಂಬರು ಕೊಡುತ್ತ ಹೋಗಿದ್ದಾರೆ. ಕನ್ನರೇಜೊ ಒಂದರಲ್ಲೇ ಆರು ಸಾವಿರ ದಾಟುತ್ತದೆ. ನಂಬರುಗಳು ಓಣಿಯ ಒಂದು ಬದಿ ಹಿಡಿದು ಹೋಗಿ, ಅಂಗಳ ಸುತ್ತಿ, ಕಾಲುವೆ ಬಂದರೆ ನಿಂತು, ಬೇರೆಲ್ಲೋ ಮುಂದುವರಿಯುತ್ತವೆ. ಒಂದರ ಪಕ್ಕದ ಮನೆಗೆ ಇನ್ನೂರು ಮುನ್ನೂರು ಆಚೆಯ ನಂಬರಿರಬಹುದು. ಓಣಿಯ ಹೆಸರುಗಳೂ ಆಸರೆಯಾಗುವುದಿಲ್ಲ. ಕಾಲ್ಲೆ ದೆಲ್ ಫೋರ್ನೊ, ಅಂದರೆ ರೊಟ್ಟಿ ಸುಡುವ ಒಲೆಯ ಓಣಿ, ಆ ಊರಲ್ಲಿ ಒಂದಲ್ಲ, ಹಲವಾರಿವೆ. ಗೋಡೆಗಳು ಅಷ್ಟು ಹತ್ತಿರ, ಅಷ್ಟು ಎತ್ತರ ಇರುವಲ್ಲಿ ಫೋನಿನ ನಕ್ಷೆಯ ನೀಲಿ ಚುಕ್ಕಿ ಕಾಲುವೆಯ ನಡುವೆ ಹೋಗಿ ನಿಲ್ಲುತ್ತಿತ್ತು.

ಆ ಊರಿನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ಬಹಳಷ್ಟಕ್ಕೆ ಮೆಟ್ಟಿಲು. ಸೂಟ್‌ಕೇಸನ್ನು ಇಬ್ಬರೂ ಎರಡು ಕಡೆ ಹಿಡಿದು ಹತ್ತುವುದು, ಇಳಿಯುವುದು. ಒಂದೂವರೆ ಗಂಟೆ ಹೀಗೆ ಸುತ್ತಿದೆವು. ವಿಳಾಸದ ಚೀಟಿ ಹಿಡಿದು ಏಳೆಂಟು ಜನರನ್ನು ಕೇಳಿರಬೇಕು. ಎಲ್ಲರೂ ಒಳ್ಳೆಯವರೇ. ಎಲ್ಲರೂ ಕೈ ತೋರಿಸಿದರು. ಆ ಕಡೆ, ಈ ಕಡೆ, ನೇರ, ಎಡಕ್ಕೆ.

ಕೊನೆಗೆ ಒಬ್ಬ ಮುದುಕಿಯನ್ನು ಕೇಳಿದೆ. ಎಂಬತ್ತರ ಹತ್ತಿರದ ವಯಸ್ಸು. ಕೈಯಲ್ಲಿ ಚಕ್ರದ ಸಂತೆಚೀಲ, ಅದರ ಬಾಯಿಂದ ಆರ್ಟಿಚೋಕ್ ಎಂಬ ಮುಳ್ಳುಮೊಗ್ಗಿನಂಥ ತರಕಾರಿ ದಂಟು ಸಮೇತ ಇಣುಕುತ್ತಿತ್ತು. ಅವರು ಚೀಟಿ ನೋಡಿದರು, ಸುತ್ತ ನೋಡಿದರು, ಕೈ ಎತ್ತಿದರು, ಮತ್ತೆ ಇಳಿಸಿದರು. ಹೇಳಿದರೆ ಇವರಿಗೆ ತಿಳಿಯುವುದಿಲ್ಲ ಎಂದು ಅವರಿಗೆ ಅನ್ನಿಸಿರಬೇಕು. ಸಂತೆಚೀಲವನ್ನು ಒಂದು ಅಂಗಡಿಯ ಬಾಗಿಲಿಗೆ ಒರಗಿಸಿ, ಒಳಗಿನವರಿಗೆ ಏನೋ ಕೂಗಿ ಹೇಳಿ, ನಮ್ಮ ಮುಂದೆ ನಡೆದರು. ಬಂದ ದಾರಿಯಲ್ಲೇ ಒಂದು ಸೇತುವೆ ಹಿಂದಕ್ಕೆ, ಒಂದು ಕಮಾನಿನ ಕೆಳಗೆ, ಇನ್ನೊಂದು ಸೇತುವೆ. ಅಲ್ಲಿ ನಾನು ಬೇಡವೆಂದರೂ ಸೂಟ್‌ಕೇಸಿನ ಹಿಡಿಗೆ ಕೈ ಹಾಕಿದರು. ಒಂದು ಬಾಗಿಲ ಮುಂದೆ ನಿಂತು, ಮೇಲೆ ಬರೆದಿದ್ದ ನಂಬರಿನ ಒಂದು ಅಂಕಿ ತೋರಿಸುವುದು, ಚೀಟಿಯ ಅದೇ ಅಂಕಿಯ ಮೇಲೆ ಬೆರಳಿಡುವುದು, ಮತ್ತೆ ಮುಂದಿನ ಅಂಕಿ. ನಾಲ್ಕೂ ಅಂಕಿ ಹೀಗೆ ಹೊಂದಿಸಿ ತೋರಿಸಿ, ನಮಗೆ ಗೊತ್ತಾಯಿತೆಂದು ಖಾತ್ರಿ ಮಾಡಿಕೊಂಡು, ಗಂಟೆ ಒತ್ತಿ, ಒಳಗಿನವರು ಬಾಗಿಲು ತೆರೆಯುವ ತನಕ ನಿಂತರು. ‘ಗ್ರಾತ್ಸಿಯೆ’ ಎಂಬುದೊಂದೇ ನನಗೆ ಬರುತ್ತಿದ್ದ ಮಾತು. ಅದನ್ನೇ ಮೂರು ಸಲ ಹೇಳಿದೆ. ಅವರು ತಲೆಯಾಡಿಸಿ ತಮ್ಮ ಚೀಲದ ಕಡೆಗೆ ಹೊರಟರು.

ಮರುದಿನ ಶುಕ್ರವಾರ. ಬೆಳಿಗ್ಗೆ ಹತ್ತಕ್ಕೆ ಸಾಂತಾ ಲೂಚಿಯಾ ಸ್ಟೇಷನ್ನಿಗೆ ಬಂದರೆ ಬೋರ್ಡಿನಲ್ಲಿ ಒಂದರ ಕೆಳಗೊಂದು ಗಾಡಿ ರದ್ದಾಗಿತ್ತು. ಗೋಡೆಯ ಕಾಗದದ ಮೇಲೆ ‘ಶೋಪೆರೊ’ ಎಂದು ದೊಡ್ಡಕ್ಷರದಲ್ಲಿತ್ತು. ಮುಷ್ಕರ ಅಂತ ಮಗಳು ಫೋನಿನಲ್ಲಿ ಹೇಳಿದಳು. ಕೆಲಸದ ದಿನ ರೈಲು ಮುಷ್ಕರವಿದ್ದರೂ ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಒಂಬತ್ತು ಗಂಟೆ ಒಳಗೆ ಕೆಲವು ಲೋಕಲ್ ಗಾಡಿ ಓಡಿಸಲೇಬೇಕೆಂಬ ನಿಯಮ ಅಲ್ಲಿದೆ. ಸಂಜೆ ಆರರ ತನಕ ಕಾಯುವುದೆಂದು ಸ್ಟೇಷನ್ನಿನ ಮುಂದಿನ ಮೆಟ್ಟಿಲ ಮೇಲೆ ಕೂತೆವು. ಎದುರಿಗೇ ದೊಡ್ಡ ಕಾಲುವೆ. ಜನ ತುಂಬಿದ ವಪೊರೆತ್ತೊಗಳು, ಅಂದರೆ ಅಲ್ಲಿನ ನೀರಿನ ಬಸ್ಸುಗಳು, ದಡಕ್ಕೆ ತಾಗುತ್ತಿದ್ದವು, ಹಗ್ಗ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು. ನೋಡುತ್ತ ನೋಡುತ್ತ ನನಗೆ ನಮ್ಮ ಶರಾವತಿ ಹಿನ್ನೀರಿನ ಹೊಳೆಬಾಗಿಲಿನ ಲಾಂಚ್ ನೆನಪಾಯಿತು. ಲಾಂಚಿನ ಜೊತೆಗೆ ಒಬ್ಬ ಅಮ್ಮನೂ.

1998ರ ನವೆಂಬರ್ ಇರಬೇಕು. ಸರ್ಕಾರಿ ಪಿಂಚಣಿಯವರು ತಾವು ಬದುಕಿದ್ದೇವೆಂದು ಬ್ಯಾಂಕಿಗೆ ಬಂದು ಜೀವಿತ ಪ್ರಮಾಣಪತ್ರ ಕೊಡುವ ತಿಂಗಳು ಅದು. ಹಿನ್ನೀರಿನ ಆಚೆಯಿಂದ, ಲಾಂಚ್ ದಾಟಿ ಬಸ್ಸು ಹಿಡಿದು, ಮೇಷ್ಟ್ರೊಬ್ಬರ ವಿಧವೆ ಬಂದಿದ್ದರು. ಕೌಂಟರಿನ ಕಿಂಡಿಯಲ್ಲಿ ಫಾರಂ ನೂಕಿ, “ತಂಗೀ, ಇದೊಂಚೂರು ಬರ್ದು ಕೊಡ್ತೀಯನಮ್ಮಾ?” ಅಂದರು. ನನ್ನ ಮುಂದೆ ಸಾಲು ಬೆಳೆದಿತ್ತು. ಫಾರಂ ಇಂಗ್ಲಿಷಿನಲ್ಲಿತ್ತು. ನಾನು ಆ ಟೇಬಲ್ಲಿನ ಕಡೆ ಕೈ ತೋರಿಸಿದೆ. ಆ ಟೇಬಲ್ಲಿನವರು ಇನ್ನೊಂದು ಕಡೆ ತೋರಿಸಿದರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವರು ಬೆಂಚಿನ ಮೇಲೆ, ಫಾರಂ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಕೌಂಟರು ಮುಚ್ಚುವ ಹೊತ್ತಾಯಿತು. “ನಾಳೆ ಬನ್ನಿ,” ಅಂದೆ. ಸಂಜೆಯ ಮೇಲೆ ಲಾಂಚ್ ಇರುತ್ತಿರಲಿಲ್ಲ, ಅವರು ಹೊರಟರು. ಮತ್ತೆ ಬಂದದ್ದು ಜನವರಿಯಲ್ಲಿ, ಪಿಂಚಣಿ ಯಾಕೆ ಜಮಾ ಆಗಿಲ್ಲ ಎಂದು ಕೇಳಿಕೊಂಡು. ಪ್ರಮಾಣಪತ್ರ ಬಾರದ ಖಾತೆಗೆ ಡಿಸೆಂಬರಿನಿಂದ ಪಿಂಚಣಿ ತಡೆಯುವುದು ನಿಯಮ. ನಿಯಮದಲ್ಲಿ ತಪ್ಪೇನೂ ಇರಲಿಲ್ಲ.

ಇದನ್ನು ಆ ಮೆಟ್ಟಿಲ ಮೇಲೆ ಕೂತು ಇವರಿಗೆ ಹೇಳಿದೆ. ಇಪ್ಪತ್ತೈದು ವರ್ಷ ಯಾರಿಗೂ ಹೇಳಿರಲಿಲ್ಲ. “ನಿನ್ ಕೆಲ್ಸನೇ ಹಾಗಿತ್ತಲ್ಲ, ಸಾಲು ಬಿಟ್ಟು ಏಳೋಕಾಗತ್ತಾ?” ಅಂದರು. ಸಾಲು ಇದ್ದದ್ದು ನಿಜ. ಊಟದ ಬಿಡುವಿನಲ್ಲಿ ಸಾಲು ಇರಲಿಲ್ಲ, ಅದೂ ನಿಜ. ಬೆಂಚು ಇದ್ದದ್ದು ನನ್ನ ಕುರ್ಚಿಯಿಂದ ನಾಲ್ಕು ಹೆಜ್ಜೆ. ಆ ಅಮ್ಮನಿಗೆ ನಮ್ಮ ಬ್ಯಾಂಕು ಏನಾಗಿ ಕಂಡಿತ್ತು ಎಂಬುದು, ನನಗೇ ಓದಲು ಬಾರದ ಊರಿನಲ್ಲಿ ಚೀಟಿ ಹಿಡಿದು ನಿಂತಾಗ ತಿಳಿಯಿತು. ಎಲ್ಲರೂ ಕೈ ತೋರಿಸುತ್ತಾರೆ, ಮತ್ತು ತೋರಿಸಿದ ಕಡೆಗೆಲ್ಲ ಹೋಗಿಯೂ ನಾವು ಮುಟ್ಟುವುದಿಲ್ಲ.

ಆರು ದಾಟಿದ ಮೇಲೆ ಗಾಡಿ ಬಂತು. ಪ್ಲಾಟ್‌ಫಾರಂ ಬಾಯಲ್ಲಿ ಒಬ್ಬ ಗಂಡ ಹೆಂಡತಿ, ಬಂಗಾಳದ ಕಡೆಯವರಿರಬೇಕು, ಟಿಕೆಟ್ ಹಿಡಿದು ಸೀಲಿನ ಯಂತ್ರ ದಾಟಿ ಹೋಗುತ್ತಿದ್ದರು. ಇವರು ಸೂಟ್‌ಕೇಸು ಅಲ್ಲೇ ಬಿಟ್ಟು ಅವರ ಹಿಂದೆ ಹೋಗಿ, ಕರೆದುಕೊಂಡು ಬಂದು, ಯಂತ್ರಕ್ಕೆ ಟಿಕೆಟ್ ತೂರಿಸಿ ತೋರಿಸಿದರು.

ಹೊರದೇಶಕ್ಕೆ ಹೊರಟವರು ಯಾರಾದರೂ ಕೇಳಿದರೆ ನಾನು ಎರಡು ಮಾತು ಹೇಳುತ್ತೇನೆ. ದಿನದ ಮಾತ್ರೆ ಕೈಚೀಲದಲ್ಲೇ ಇರಲಿ, ಔಷಧಿಯ ಮೂಲ ಹೆಸರನ್ನು ಡಾಕ್ಟರ ಹತ್ತಿರ ದೊಡ್ಡಕ್ಷರದಲ್ಲಿ ಬರೆಸಿಕೊಳ್ಳಿ. ಹೋದ ಊರಿನಲ್ಲಿ ಇರುವ ನಮ್ಮವರನ್ನು, ‘ನಿಮಗೆ ಗೊತ್ತಿದ್ದು ನಮಗೆ ಗೊತ್ತಿಲ್ಲದ್ದು ಏನು’ ಎಂದು ಕೂರಿಸಿಕೊಂಡು ಕೇಳಿ.

ಹಿನ್ನೀರಿಗೆ ಈಗ ಸೇತುವೆ ಆಗಿದೆ, 2025ರ ಜುಲೈನಲ್ಲಿ ತೆರೆದರು. ಜೀವಿತ ಪ್ರಮಾಣಪತ್ರವನ್ನು ಆನ್‌ಲೈನಿನಲ್ಲಿ ಕೊಡುವ ಏರ್ಪಾಡು 2014ರಿಂದ ಇದೆ, ಈಗ ಮೊಬೈಲಿಗೆ ಮುಖ ತೋರಿಸಿಯೂ ಕೊಡಬಹುದು. ಆದರೂ ನವೆಂಬರ್ ಬಂದರೆ ನಮ್ಮ ಬ್ಯಾಂಕುಗಳ ಬೆಂಚಿನ ಮೇಲೆ ಫಾರಂ ಹಿಡಿದ ಹಿರಿಯರು ಕೂತೇ ಇರುತ್ತಾರೆ. ಈ ಸಲ ನೀವು ಹೋದಾಗ ಜೇಬಿನಲ್ಲಿ ಪೆನ್ನಿದ್ದರೆ, ದಯವಿಟ್ಟು ಅವರ ಪಕ್ಕ ಕೂತು ಬರೆದುಕೊಡಿ. ಕೌಂಟರಿನ ತನಕ ಜೊತೆಗೆ ಹೋಗಿ.